ಞ ಅಕ್ಷರದ ಊರಿನಿಂದ

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕನ್ನಡ ಬರಹಗಾರರ ಬಗ್ಗೆ ನೀವು ಕೇಳಿದ ಪ್ರಶ್ನೆಯಲ್ಲಿ ಒಬ್ಬ ಕವಿಯ ಹೆಸರು ‘ಕಿಂಹಣ್ಣ ರೈ’ ಎಂದಿತ್ತು. ಅದು ಕಿಞ್ಞಣ್ಣ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ಓದಿದವರೆಲ್ಲ ಇಲ್ಲಿಯೇ ಎಡವುತ್ತಾರೆ, ನಿಮ್ಮ ತಪ್ಪಲ್ಲ. ಮೈಸೂರಿನ ಮಗುವಿಗೆ ಞ ಎಂದರೆ ವರ್ಣಮಾಲೆಯ ಪಟದಲ್ಲಿ ಕಾಣುವ ಅಕ್ಷರ, ಅಷ್ಟೆ. ಕಾಸರಗೋಡಿನಲ್ಲಿ ಅದು ಜನರ ಹೆಸರಿನಲ್ಲಿ ಬದುಕುತ್ತದೆ: ಕಿಞ್ಞಣ್ಣ, ಕುಞ್ಞಂಬು, ಕುಞ್ಞಾಲಿ. ತುಳುವಿನ ಕಿಞ್ಞ, ಮಲಯಾಳದ ಕುಞ್ಞಿ ಎರಡಕ್ಕೂ ಚಿಕ್ಕದು ಎಂದೇ ಅರ್ಥ. ಘಟ್ಟದ ಮೇಲೆ ನೀವು ಯಾರನ್ನು ಚಿಕ್ಕಣ್ಣ ಎನ್ನುತ್ತೀರೋ ಅವರೇ ನಮ್ಮ ಕಿಞ್ಞಣ್ಣ.

ಈ ಬರಹಗಾರರು ಕನ್ನಡಿಗರೋ, ತುಳುವರೋ, ಮಲಯಾಳಿಗಳೋ, ಅವರ ಮನೆತನ ಎಂಥದ್ದು ಎಂದು ಕೇಳಿದ್ದೀರಿ. ಇಪ್ಪತ್ತಾರು ವರ್ಷಗಳಿಂದ ಕಾಸರಗೋಡು ತಾಲೂಕಿನ ಒಂದು ಪೇಟೆಯಲ್ಲಿ ಜನರಿಗೆ ಅರ್ಜಿ ಬರೆದುಕೊಡುವುದೇ ನನ್ನ ಕಸುಬು. ಹೆಸರು, ಮನೆ, ತಂದೆ, ಹುಟ್ಟಿದ ಊರು, ಕೆಲಸ, ಈ ಐದು ಕಾಲಂ ತುಂಬಿಸುವುದರಲ್ಲಿಯೇ ನನ್ನ ದಿನ ಕಳೆಯುತ್ತದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಮೇಜಿನ ಮುಂದೆ ಕುಳಿತವರಿಂದ ತಿಳಿದುಕೊಂಡದ್ದನ್ನೇ ಹೇಳುತ್ತೇನೆ.

ಕೇರಳದ ಅರ್ಜಿಗಳಲ್ಲಿ ಮನೆಯ ಹೆಸರಿಗೆಂದೇ ಒಂದು ಕಾಲಂ ಇರುತ್ತದೆ. ನಮ್ಮಲ್ಲಿ ಮನೆಯ ಹೆಸರೆಂದರೆ ಹೆಚ್ಚಾಗಿ ನೆಲದ ಹೆಸರು. ತಗ್ಗಿನ, ನೀರು ನಿಲ್ಲುವ ಗದ್ದೆ ಬೈಲು. ಅದಕ್ಕಿಂತ ತುಸು ಮೇಲಿನದು ಮಜಲು. ಇನ್ನೂ ಮೇಲೆ, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವುದು ಬೆಟ್ಟು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ಬೋಳು ಹರವು ಪದವು, ಬಟ್ಟಬಯಲು ಅಡ್ಕ. ಬದಿಯಡ್ಕ ಎಂಬ ಊರಿನ ಹೆಸರಿನ ಅಡ್ಕವೂ ಇದೇ. ಒಬ್ಬ ತನ್ನನ್ನು ಮಜಲಿನವನು ಎಂದರೆ ಅವನ ಹಿರಿಯರಿಗೆ ವರ್ಷಕ್ಕೆ ಎರಡು ಬೆಳೆ ಬರುತ್ತಿತ್ತು ಎಂದು ನಾನು ಊಹಿಸುತ್ತೇನೆ. ಬೆಟ್ಟಿನವನಾದರೆ ಮಳೆಗಾಲದ ಆಟಿ ತಿಂಗಳಲ್ಲಿ ಅವನ ಅಜ್ಜಿ ಕೆಸುವಿನ ಎಲೆಯಲ್ಲಿ ದಿನ ದೂಡಿರಬೇಕು. ಮನೆತನದ ಚರಿತ್ರೆಯ ಅರ್ಧ ಅಲ್ಲಿಯೇ ಇದೆ. ಆದರೆ ತಮ್ಮನೊಬ್ಬ ಪದವಿನಲ್ಲಿ ಬೇರೆ ಮನೆ ಕಟ್ಟಿದರೆ ಅವನ ಮನೆಯ ಹೆಸರೂ ಪದವು ಆಗುತ್ತದೆ. ಒಡಹುಟ್ಟಿದ ಮೂವರಿಗೆ ಮೂರು ಮನೆಹೆಸರು. ಇವರು ಒಂದೇ ತಾಯಿಯ ಮಕ್ಕಳೆಂದು ಕಚೇರಿಗೆ ನಂಬಿಸಲು ನಾನು ಎಷ್ಟೋ ಅಫಿಡವಿಟ್ ಬರೆದಿದ್ದೇನೆ.

ತಂದೆಯ ಕಾಲಂ ಇನ್ನೂ ಕಷ್ಟ. ಬಂಟರು, ಬಿಲ್ಲವರು, ಮೊಗವೀರರಲ್ಲಿ ಅಳಿಯಸಂತಾನ ನಡೆದು ಬಂದಿದೆ. ಮಲಯಾಳ ಮನೆಮಾತಿನ ತೀಯರು, ನಾಯರರಲ್ಲಿ ಅದೇ ಕ್ರಮಕ್ಕೆ ಮರುಮಕ್ಕತ್ತಾಯಂ ಎಂದು ಹೆಸರು. ಕುಟುಂಬ ಸಾಗುವುದು ತಾಯಿಯ ಕಡೆಯಿಂದ, ಯಜಮಾನಿಕೆ ಸೋದರಮಾವನದು, ಆ ಕೂಡುಕುಟುಂಬದ ಮನೆಯೇ ತರವಾಡು. ಕೇರಳ 1975ರಲ್ಲಿ ಕೂಡುಕುಟುಂಬ ಪದ್ಧತಿಯನ್ನೇ ಕಾನೂನಿನಿಂದ ಕೊನೆಗೊಳಿಸಿತು, ಆಸ್ತಿ ಹಂಚಿಹೋಯಿತು. ಅಭ್ಯಾಸ ಹೋಗಲಿಲ್ಲ. ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು ‘ನಿಮ್ಮ ಹಿರಿಯರ ಹೆಸರೇನು’ ಎಂದು ಕೇಳಿದಾಗ ತಡೆಯಿಲ್ಲದೆ ಮಾವನ ಹೆಸರು ಹೇಳಿದರು. ತಂದೆಯದು ಬೇಕು ಎಂದೆ. ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರು ತರವಾಡಿಗೆ ರಾತ್ರಿ ಬಂದು ಬೆಳಿಗ್ಗೆ ಹೋಗುತ್ತಿದ್ದರು, ಹೆಸರು ಬರೆದುಕೊಳ್ಳಿ’ ಎಂದು ಮೆಲ್ಲನೆ ಹೇಳಿದರು. ಆ ಮಾತಿನಲ್ಲಿ ಸಂಕೋಚವಿರಲಿಲ್ಲ. ಅವರು ಕಂಡದ್ದನ್ನು ಹೇಳಿದರು, ನಾನು ಬರೆದುಕೊಂಡೆ.

ಈಗ ನೀವು ಕೇಳಿದ ಬರಹಗಾರರ ವಿಷಯ. ಕಯ್ಯಾರ ಕಿಞ್ಞಣ್ಣ ರೈಗಳು 1915ರ ಜೂನ್ 8ರಂದು ಕಯ್ಯಾರಿನಲ್ಲಿ ಹುಟ್ಟಿದವರು, ಮನೆಮಾತು ತುಳು. ಪೆರಡಾಲದ ನವಜೀವನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು, ತೋಟದಲ್ಲಿ ದುಡಿದರು, ನೂರು ವರ್ಷ ತುಂಬಿದ ಮೇಲೆ 2015ರ ಆಗಸ್ಟ್‌ನಲ್ಲಿ ತೀರಿಕೊಂಡರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಮನೆಗೆ ಬೆಂಕಿ ಬಿದ್ದಿದೆ, ಬನ್ನಿ ಎಂದು ಕನ್ನಡದಲ್ಲಿ ಕೂಗಿದವರು ಅವರು. ಆ ಕೂಗು ಹೊರಟದ್ದು ತುಳು ಮಾತಾಡುವ ಮನೆಯಿಂದ ಎಂಬುದನ್ನು ಗಮನಿಸಿ. ಅದೇ ಕೈ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದಿತು. ಕೇರಳಕ್ಕೆ ಸೇರಿಸಿದ್ದರ ಮೇಲೆ ಕೋಪವಿದ್ದ ಮನುಷ್ಯನಿಗೆ ಮಲಯಾಳದ ಕವಿಯ ಮೇಲೆ ಪ್ರೀತಿ ಹೇಗೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಊರಿನಲ್ಲಿ ಒಂದು ದಿನ ಕಳೆದವರು ಹಾಗೆ ಕೇಳಲಾರರು.

ಮಂಜೇಶ್ವರ ಗೋವಿಂದ ಪೈಗಳದು ಕೊಂಕಣಿ ಮನೆ. 1883ರ ಮಾರ್ಚ್ 23ರಂದು ಮಂಜೇಶ್ವರದ ಅಜ್ಜನ ಮನೆಯಲ್ಲಿ, ಅಂದರೆ ತಾಯಿಯ ತಂದೆಯ ಮನೆಯಲ್ಲಿ ಹುಟ್ಟಿದರು. ತಂದೆ ಮಂಗಳೂರಿನವರು. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು, ಓದು ಅಲ್ಲಿಗೆ ನಿಂತಿತು. ಆಮೇಲೆ ಮಂಜೇಶ್ವರದ ಆ ಮನೆಯಲ್ಲೇ ಕುಳಿತು ಒಂದೊಂದೇ ಭಾಷೆ ಕಲಿಯುತ್ತ ಹೋದರು, ಕನ್ನಡ ಕಾವ್ಯದಲ್ಲಿ ಶತಮಾನಗಳಿಂದ ಬಂದಿದ್ದ ಪ್ರಾಸದ ಕಟ್ಟನ್ನು ಬಿಡಿಸಿದರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಆಗ ನಾವು ಮದ್ರಾಸಿನವರು.

ಲೇಖಕಿ ಸಾರಾ ಅಬೂಬಕ್ಕರ್ ಅವರ ಮನೆಯಲ್ಲಿ ಮಲಯಾಳ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಈ ಮುಸ್ಲಿಂ ಹುಡುಗಿಯನ್ನು ವಕೀಲರಾಗಿದ್ದ ತಂದೆ ಕನ್ನಡ ಶಾಲೆಗೆ ಕಳುಹಿಸಿದರು. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಮಾತು ಎಂದು ನಮ್ಮ ಕಡೆಯ ವಯಸ್ಸಾದ ಹೆಂಗಸರು ಇಂದಿಗೂ ಹೇಳುತ್ತಾರೆ. ಚಂದ್ರಗಿರಿ ಹೊಳೆಯ ದಂಡೆಯ ಹೆಣ್ಣಿನ ಸಂಕಟವನ್ನು ಮುಂದೆ ಅವರು ಬರೆದದ್ದು ಶಾಲೆಯಲ್ಲಿ ಕಲಿತ ಆ ಕನ್ನಡದಲ್ಲಿ.

ತುಳು, ಕೊಂಕಣಿ, ಮಲಯಾಳ: ಮೂರು ಮನೆಗಳಲ್ಲಿ ಒಂದರಲ್ಲೂ ಕನ್ನಡ ಅಡುಗೆಮನೆಯ ಭಾಷೆಯಾಗಿರಲಿಲ್ಲ. ನನಗೆ ನಿಮ್ಮಲ್ಲಿ ಹೇಳಬೇಕೆನಿಸಿದ್ದು ಇದೇ. ಹವ್ಯಕರಂತಹ ಕೆಲವರ ಮನೆಯಲ್ಲಿ ಕನ್ನಡದ ಒಂದು ರೂಪ ಇದೆ, ನಿಜ. ಉಳಿದ ನಮಗೆಲ್ಲ ಕನ್ನಡ ಅಂಗಳ ದಾಟಿದ ಮೇಲೆ ಸಿಕ್ಕಿದ ಭಾಷೆ. ಶಾಲೆಯಲ್ಲಿ ಮೇಷ್ಟರು ಕೊಟ್ಟದ್ದು, ರಾತ್ರಿ ಯಕ್ಷಗಾನದ ಬಯಲಿನಲ್ಲಿ ನಿದ್ದೆಗಣ್ಣಿನಲ್ಲಿ ಕೇಳಿದ್ದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದಿಂದ ಇಲ್ಲಿ ರಾಮನೂ ರಾವಣನೂ ಕನ್ನಡದಲ್ಲೇ ವಾದಿಸಿದ್ದಾರೆ, ಕೇಳುತ್ತಿದ್ದವರು ಮನೆಗೆ ಹೋಗಿ ತುಳುವಿನಲ್ಲೋ ಮಲಯಾಳದಲ್ಲೋ ಅದರ ಬಗ್ಗೆ ಚರ್ಚಿಸಿದ್ದಾರೆ. ‘ನಿಮ್ಮ ಮಾತೃಭಾಷೆ ಕನ್ನಡವಲ್ಲವಲ್ಲ, ಮತ್ತೇಕೆ ಕನ್ನಡ ಶಾಲೆ ಬೇಕು’ ಎಂದು ಕೇರಳ, ಕರ್ನಾಟಕ ಎರಡೂ ಕಡೆಯವರು ಕೇಳಿದಾಗ ನನಗೆ ಎದೆ ಉರಿಯುತ್ತದೆ. ಹೆತ್ತವಳು ಬೇರೆ ಇರಬಹುದು, ಓದಿಸಿ ಬೆಳೆಸಿದವಳನ್ನು ಬಿಡಿ ಎಂದರೆ ಹೇಗೆ?

ಇಲ್ಲಿಯ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಬಗ್ಗೆಯೂ ಕೇಳಿದ್ದೀರಿ. ಇಪ್ಪತ್ತರ ಆಸುಪಾಸಿನ ಹರೆಯದಲ್ಲಿ ಪೀಠಕ್ಕೆ ಬಂದವರು, 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ದೇಶಕ್ಕೆ ಗೊತ್ತಿರುವುದು ಅವರ ಹೆಸರಿನ ಮೊಕದ್ದಮೆ. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುತ್ತದೆ ಎಂದಾಗ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸಲಾಗದು ಎಂಬ ಮಾತು ಹುಟ್ಟಿದ್ದು ಅಲ್ಲಿ. ಮಠಕ್ಕೆ ಭೂಮಿ ಉಳಿಯಲಿಲ್ಲ.

ನನ್ನ ಅಜ್ಜ ಆ ಕಾಲದ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬಿಡು ಎಂದರೆ ಭೂಮಿ ಬಿಡಬೇಕಾದ ಗೇಣಿದಾರ, ಬೇರೊಬ್ಬ ಧಣಿಯ ಕೈಕೆಳಗೆ. ವರ್ಷಕ್ಕೆ ಹನ್ನೆರಡು ಮುಡಿ ಅಕ್ಕಿ ಗೇಣಿ. ಬೈಹುಲ್ಲಿನಲ್ಲಿ ಬಿಗಿದ ಆ ಮುಡಿಗಳನ್ನು ತಲೆಯ ಮೇಲೆ ಹೊತ್ತು ಧಣಿಯ ಚಾವಡಿಗೆ ಇಳಿಸಿ ಬಂದ ರಾತ್ರಿ ಮನೆಯಲ್ಲಿ ಗಂಜಿ ತೆಳ್ಳಗಾಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಮಠದ ಭೂಮಿಗೆ ಕೈಹಾಕಿದ ಆ ಭೂಸುಧಾರಣೆಯಿಂದಲೇ ನಮಗೆ ಎರಡು ಎಕರೆ ಬಂತು. ಆದರೂ ಎಡನೀರಿನಲ್ಲಿ ಯಕ್ಷಗಾನದ ಆಟವಿದ್ದರೆ ಅಜ್ಜ ತಪ್ಪಿಸುತ್ತಿರಲಿಲ್ಲ. ಸ್ವಾಮಿಗಳು ಸ್ವತಃ ಭಾಗವತಿಕೆ ಮಾಡುತ್ತಿದ್ದವರು. ಅವರು ಪದ ಹೇಳುವಾಗ ಅಜ್ಜ ಮುಂದೆ ಹೋಗಿ ನೆಲದಲ್ಲಿ ಕುಳಿತುಕೊಳ್ಳುತ್ತಿದ್ದರು. ಭೂಮಿ ಸಿಕ್ಕಿದ್ದಕ್ಕೆ ಅಜ್ಜನಿಗೆ ಸಂತೋಷವಿತ್ತು, ಪದ ಕೇಳಿದ್ದಕ್ಕೂ ಇತ್ತು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

ಹೆಸರಾದವರ ಮಾತಾಯಿತು. ಸಾಮಾನ್ಯರ ಮನೆಯ ಒಂದು ಸಂಗತಿ ಹೇಳುತ್ತೇನೆ. ನಾನು ಆರನೆಯ ತರಗತಿಯಲ್ಲಿದ್ದಾಗ ಪಕ್ಕದ ಮನೆಯ ಉಮ್ಮನಿಗೆ ಕಾಗದ ಬರೆದುಕೊಡುತ್ತಿದ್ದೆ. ಮಗ ದುಬೈಯಲ್ಲಿದ್ದ. ಅವನೂ ನಮ್ಮ ಕನ್ನಡ ಶಾಲೆಯಲ್ಲೇ ಕಲಿತವನು, ಮಲಯಾಳ ಮಾತಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಹಾಗಾಗಿ ಉಮ್ಮ ಮಲಯಾಳದಲ್ಲಿ ಹೇಳಬೇಕು, ನಾನು ಕನ್ನಡದಲ್ಲಿ ಬರೆಯಬೇಕು. ಚಿಮಿನಿ ದೀಪದ ಹತ್ತಿರ ತೆಳುನೀಲಿ ಏರ್‌ಮೇಲ್ ಹಾಳೆ ಹರವಿಕೊಂಡು ಕುಳಿತರೆ ಉಮ್ಮ ಹಸುವಿನಿಂದ ಶುರು ಮಾಡುತ್ತಿದ್ದರು: ಕರು ಹಾಕಿದ್ದು, ತೆಂಗಿಗೆ ಸಿಡಿಲು ಬಡಿದದ್ದು, ತಂಗಿಗೆ ಗಂಡು ಬಂದದ್ದು. ಪ್ರತಿ ಕಾಗದದ ಕೊನೆಗೂ ‘ಬೇಜಾರಾಕಂಡ’ ಎನ್ನುತ್ತಿದ್ದರು. ನಾನು ‘ಬೇಜಾರು ಮಾಡಬೇಡ’ ಎಂದು ಬರೆಯುತ್ತಿದ್ದೆ. ಅವರ ಮಲಯಾಳದಲ್ಲಿ ಬೇಜಾರ್ ಎಂದರೆ ಗಾಬರಿ, ಚಿಂತೆ. ನಮ್ಮ ಕನ್ನಡದಲ್ಲಿ ಅದು ದುಃಖ, ಬೇಸರ. ಈ ವ್ಯತ್ಯಾಸ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಊರಿಗೆ ಬಂದಿದ್ದಾಗ ಅವನನ್ನು ಕೇಳಿದೆ. ‘ನೀನು ಬರೆದದ್ದು ಕನ್ನಡ, ನಾನು ಓದಿಕೊಂಡದ್ದು ಉಮ್ಮನ ಮಾತು’ ಎಂದ.

ಹುಟ್ಟಿದ ಊರಿನ ಕಾಲಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪ್ಪ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ನಾನು ಕಣ್ಣೂರು ಜಿಲ್ಲೆಯಲ್ಲಿ, ಮಗಳು 1984ರ ಮೇ ತಿಂಗಳಲ್ಲಿ ಆದ ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದವರು. ಮನೆ ಒಂದೇ.

ಉಳಿದದ್ದು ಕೆಲಸದ ಕಾಲಂ. ಕೆಲವು ವರ್ಷಗಳ ಹಿಂದೆ ಒಬ್ಬರು ವೃದ್ಧಾಪ್ಯ ಪಿಂಚಣಿಗೆ ಅರ್ಜಿ ಬರೆಸಲು ಬಂದರು. ಕೆಲಸ ಏನೆಂದು ಬರೆಯಲಿ, ಕೂಲಿ ಎನ್ನಲೇ ಎಂದೆ. ‘ಅಲ್ಲ, ಸುರಂಗ ತೋಡುವವನು’ ಎಂದರು. ನಮ್ಮ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಪದ್ಧತಿಯಿದೆ, ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಒಬ್ಬನೇ ಹಿಡಿಯುವಷ್ಟು ಅಗಲದ ಗುಹೆಯಲ್ಲಿ ಚಿಕ್ಕ ಪಿಕ್ಕಾಸಿನಿಂದ ಕುಳಿತೇ ಕೊರೆಯಬೇಕು. ಪಕ್ಕದಲ್ಲಿ ಮೇಣದ ಬತ್ತಿ. ಅದು ನಂದಿದರೆ ಗಾಳಿ ಸಾಲದು, ಹೊರಗೆ ಬರಬೇಕು. ಅಳತೆ ಕೋಲಿನ ಲೆಕ್ಕದಲ್ಲಿ. ತಾವು ತೋಡಿದ ಸುರಂಗಗಳನ್ನು ಅವರು ಒಂದೊಂದಾಗಿ ನೆನೆದರು: ಆ ಭಟ್ಟರ ತೋಟದಲ್ಲಿ ಎಪ್ಪತ್ತು ಕೋಲು, ಈ ಹಾಜಿಯವರ ಗುಡ್ಡದಲ್ಲಿ ನಲವತ್ತಕ್ಕೇ ನೀರು. ಮದುವೆಯ ಇಸವಿ ಮರೆತಿದ್ದರು, ಕೋಲಿನ ಲೆಕ್ಕ ಒಂದೂ ತಪ್ಪಲಿಲ್ಲ. ಅಂಗೈ ತೋರಿಸಿದರು. ಬಲಗೈಯ ಹೆಬ್ಬೆರಳ ಬುಡ ಮುರಕಲ್ಲಿನಂತೆಯೇ ಕೆಂಪಗೆ ತೂತುತೂತಾಗಿತ್ತು.

ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಇಲ್ಲಿ ಇದೆ, ಕನ್ನಡದಲ್ಲಿಯೇ ‘ಸುರಂಗ ತೋಡುವುದು’ ಎಂದು ಬರೆದೆ. ಕಚೇರಿಯಲ್ಲಿ ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ಹುಡುಗಿ ಅದನ್ನು ಓದಲಾಗದೆ ಇದೇನು ಎಂದು ಕೇಳಿದಳು. ಸುರಂಗ ತೋಡುವ ಹಿರಿಯರು ಅವಳ ಮೇಜಿಗೆ ಬಾಗಿ, ಪಿಕ್ಕಾಸು ಹಿಡಿಯುವ ಬಗೆಯನ್ನು ಕೈಯಲ್ಲೇ ತೋರಿಸುತ್ತ, ಮಲಯಾಳದಲ್ಲಿ ಕಾಲು ಗಂಟೆ ವಿವರಿಸಿದರು. ಅವಳು ಕೂಲಿ ಎಂದು ತಿದ್ದಲಿಲ್ಲ. ನಾನು ಬರೆದ ಸಾಲಿನ ಕೆಳಗೆ ಅದನ್ನೇ ಮಲಯಾಳದಲ್ಲಿ ಬರೆದು, ಮೊಹರು ಒತ್ತಿದಳು.