ಎಣ್ಣೆ ಹಚ್ಚಿದ್ದೇ ತೊಂದರೆ

ನಮಸ್ಕಾರ ಸರ್. ಬೈಕಿನ ಹ್ಯಾಂಡಲ್‌ಗೆ ಹೊಸ ಗ್ರಿಪ್ (ಕೈಹಿಡಿಯ ರಬ್ಬರ್) ಸಲೀಸಾಗಿ ಹೋಗಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿ ಹಾಕಿದೆ, ಈಗ ಎಡಗಡೆಯದು ಗಿರ್ರನೆ ತಿರುಗುತ್ತಿದೆ ಅಂದಿದ್ದೀರಿ. ಎಣ್ಣೆ ಆರುವುದಿಲ್ಲ, ಅದಕ್ಕೇ ಹಾಗೆ. ದಿನಾ ಹುಬ್ಬಳ್ಳಿ-ಧಾರವಾಡ ಓಡಾಡೋರು, ಮಳೆಯಲ್ಲಿ ಗುಂಡಿಗೆ ಇಳಿದಾಗ ಗ್ರಿಪ್ ಕೈಗೇ ಬಂದರೆ ಕಷ್ಟ ಅಲ್ವಾ?

ಗ್ರಿಪ್ ತೆಗೆದು ಮತ್ತೆ ಹಾಕಬೇಕು, ಆದರೆ ಕತ್ತರಿಸಬೇಕಾಗಿಲ್ಲ. ತುದಿಯಲ್ಲಿ ತೂಕದ ಗುಂಡು ಇದ್ದರೆ ಬಿಚ್ಚಿ, ಪಂಕ್ಚರ್ ಅಂಗಡಿಯಲ್ಲಿ ಗ್ರಿಪ್ಪಿನ ಅಂಚಿನೊಳಗೆ ಗಾಳಿ ಬಿಡಿಸಿ. ರಬ್ಬರ್ ಉಬ್ಬಿ ತಾನೇ ಜಾರುತ್ತದೆ, ನೋಡೋಕೂ ಮಜಾ. ಆಮೇಲೆ ಹ್ಯಾಂಡಲ್ ಪೈಪನ್ನೂ ಗ್ರಿಪ್ಪಿನ ಒಳಗನ್ನೂ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೆಟ್ರೋಲ್ ಬೇಡ, ರಬ್ಬರ್ ಹಾಳಾಗುತ್ತದೆ. ಒಳಗೆ ಹೇರ್ ಸ್ಪ್ರೇ ಹೊಡೆದು, ಹಸಿ ಇರುವಾಗಲೇ ಒಂದೇ ದಮ್ಮಿಗೆ ತಳ್ಳಿ. ಸ್ಪ್ರೇ ಹಸಿ ಇದ್ದಾಗ ಜಾರುತ್ತದೆ, ಆರಿದ ಮೇಲೆ ಅಂಟುತ್ತದೆ. ರಾತ್ರಿಯಿಡೀ ಗಾಡಿ ಮುಟ್ಟಬೇಡಿ.

ಬಲಗಡೆಯದು ಗಟ್ಟಿ ಇದ್ದರೆ ಸುಮ್ನೆ ಕೈ ಹಾಕಬೇಡಿ. ಹಾಕಲೇಬೇಕಾದರೆ, ಅದರ ತೂತು ದೊಡ್ಡದು ಅನ್ನೋದು ಗೊತ್ತಿರಲಿ. ಸಾಮಾನ್ಯವಾಗಿ ಪೈಪ್ 22 ಮಿ.ಮೀ., ಎಕ್ಸಲೇಟರ್‌ನ ಪ್ಲಾಸ್ಟಿಕ್ ಕೊಳವೆ ಸೇರಿದರೆ 25ರ ಆಸುಪಾಸು. ಸ್ವಿಚ್ ಡಬ್ಬಿಗೆ ಗ್ರಿಪ್ ತಾಗದಂತೆ ಸ್ವಲ್ಪ ಸಂದು ಬಿಡಿ. ಗಾಡಿ ಬಂದ್ ಇಟ್ಟು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಕೈ ಬಿಟ್ಟ ಕೂಡಲೇ ಎಕ್ಸಲೇಟರ್ ಟಪ್ ಅಂತ ವಾಪಸ್ ಬರಬೇಕು. ಬರದಿದ್ದರೆ ರಸ್ತೆಗೆ ಇಳಿಸಬೇಡಿ.