ರಿವ್ಯೂ ಮೀಟಿಂಗಿನ ಸಿಟ್ಟು ಸಿಬ್ಬಂದಿ ಮೇಲೆ ಯಾಕೆ?

ಪ್ರಶ್ನೆ: ನಾನು ಬ್ಯಾಂಕೊಂದರ ಬ್ರಾಂಚ್ ಮ್ಯಾನೇಜರ್. ವಯಸ್ಸು 43. ಸಂಜೆ ರೀಜನಲ್ ಆಫೀಸಿನ ರಿವ್ಯೂ ಮೀಟಿಂಗ್ ಮುಗಿಸಿ ಕ್ಯಾಬಿನ್‌ನಿಂದ ಹೊರಗೆ ಬಂದರೆ, ಎದುರಿಗೆ ಸಿಕ್ಕವರ ಮೇಲೆ ರೇಗುತ್ತೇನೆ. ಆಮೇಲೆ ಬೇಜಾರಾಗುತ್ತದೆ. ಬ್ಯಾಂಕಿನವರು ಮೈಂಡ್‌ಫುಲ್‌ನೆಸ್ (ಉಸಿರು, ಮೈ, ಮನಸ್ಸಿನಲ್ಲಿ ಆ ಕ್ಷಣ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ) ತರಬೇತಿ ಕೊಡಿಸಿದರು. ಮೂರು ತಿಂಗಳಿಂದ ಬೆಳಿಗ್ಗೆ ಹತ್ತು ನಿಮಿಷ ಕೂರುತ್ತಿದ್ದೇನೆ. ಕೂತಾಗ ಹಾಯಾಗಿರುತ್ತದೆ, ಸಂಜೆ ಮತ್ತೆ ಅದೇ ಕಥೆ. ಸಿಬ್ಬಂದಿಗೂ ಇದನ್ನು ದಿನಾ ಮಾಡಿಸೋಣ ಅಂದುಕೊಂಡಿದ್ದೇನೆ. ಸರಿಯಾ ಡಾಕ್ಟರೇ?
– ಓದುಗರು, ದಾವಣಗೆರೆ

ಉತ್ತರ: ಬೆಳಗಿನ ಹತ್ತು ನಿಮಿಷ ಬಿಡಬೇಡಿ. ಆದರೆ ನಿಮ್ಮ ಕಷ್ಟ ಇರುವುದು ಸಂಜೆ, ಕ್ಯಾಬಿನ್ ಬಾಗಿಲಲ್ಲಿ. ಅಭ್ಯಾಸವೂ ಅಲ್ಲೇ ಆಗಬೇಕು.

ಡೆಪಾಸಿಟ್ ಯಾಕೆ ಇಳಿಯಿತು, ಎನ್‌ಪಿಎ (ಕಂತು ಕಟ್ಟದೆ ನಿಂತುಹೋದ ಸಾಲ) ವಸೂಲಿ ಎಲ್ಲಿಗೆ ಬಂತು, ಇನ್ಶೂರೆನ್ಸ್ ಪಾಲಿಸಿ ಎಷ್ಟು ಮಾಡಿಸಿದ್ರಿ ಅಂತ ಉಳಿದ ಮ್ಯಾನೇಜರ್‌ಗಳ ಎದುರೇ ಕೇಳುತ್ತಾರೆ, ಅಲ್ವಾ? ಮೈ ಅದನ್ನು ಅಪಾಯ ಎಂದೇ ತಿಳಿಯುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ. ಮೇಲಿನವರಿಗೆ ತಿರುಗಿ ಮಾತಾಡುವ ಹಾಗಿಲ್ಲ. ಮೀಟಿಂಗ್ ಮುಗಿದರೂ ಈ ಬಿಸಿ ತಕ್ಷಣ ಇಳಿಯುವುದಿಲ್ಲ. ಅದೇ ಹೊತ್ತಿಗೆ ಕ್ಯಾಶ್ ಟ್ಯಾಲಿ ಆಗುತ್ತಿಲ್ಲ ಎಂದು ಕ್ಯಾಷಿಯರ್ ಬಂದು ನಿಂತರೆ ಸಿಟ್ಟೆಲ್ಲ ಅವರ ಪಾಲು. ಕಡಿಮೆ ಬಿದ್ದ ದುಡ್ಡನ್ನು ಕೈಯಿಂದ ಕಟ್ಟಬೇಕಾಗುತ್ತೇನೋ ಅಂತ ಅವರು ಆಗಲೇ ಹೆದರಿರುತ್ತಾರೆ.

ಅದಕ್ಕೇ ಮೀಟಿಂಗ್ ಮುಗಿದ ಕೂಡಲೇ ಏಳಬೇಡಿ. ಎರಡೂ ಪಾದ ನೆಲಕ್ಕೆ ಊರಿ. ಮೈಯಲ್ಲಿ ಎಲ್ಲಿ ಬಿಗಿದಿದೆ ನೋಡಿ. ಒಳಗೆ ಏನಾಗಿದೆಯೋ ಅದನ್ನು ಮನಸ್ಸಿನಲ್ಲೇ ಸರಳವಾಗಿ ಹೇಳಿಕೊಳ್ಳಿ: 'ನನಗೆ ಅವಮಾನ ಆಗಿದೆ', 'ಭಯ ಆಗಿದೆ'. ಸಿಟ್ಟಿನ ಕೆಳಗೆ ಎಷ್ಟೋ ಸಲ ಇವೇ ಇರುತ್ತವೆ. ಆಮೇಲೆ ಐದಾರು ಸಲ ಉಸಿರಾಡಿ. ಒಳಗೆ ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಉಸಿರು ಬಿಡುವಾಗ ವೇಗಸ್ ನರದ ಮೂಲಕ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಒಂದು ನಿಮಿಷದ ಕೆಲಸ ಇದು.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಮೀಟಿಂಗಿನಲ್ಲಿ ಬಂದ ಮಾತುಗಳಲ್ಲಿ ಸಿಬ್ಬಂದಿಗೆ ತಲುಪಬೇಕಾದ್ದು ಯಾವುದು? 'ಬಾಕಿದಾರರ ಪಟ್ಟಿ ನಾಳೆ 11ಕ್ಕೆ ಬೇಕು' ಎನ್ನುವುದು ಕೆಲಸದ ಮಾತು, ಅದನ್ನು ಬರೆದುಕೊಳ್ಳಿ. 'ನಿಮ್ಮ ಬ್ರಾಂಚ್ ವೇಸ್ಟ್' ಎನ್ನುವುದು ಮೇಲಿನವರ ಸಿಟ್ಟು, ಅದು ಕ್ಯಾಬಿನ್ ದಾಟಬಾರದು. ಕೆಲಸದ ಮಾತನ್ನೂ ಸಾಧ್ಯವಾದರೆ ಮರುದಿನ ಬೆಳಿಗ್ಗೆ ಹೇಳಿ. ನಾಯಕನ ಮೈಂಡ್‌ಫುಲ್‌ನೆಸ್ ಅಂದರೆ ನನ್ನ ಪ್ರಕಾರ ಹೆಚ್ಚೂಕಡಿಮೆ ಈ ಬೇರ್ಪಡಿಸುವ ಕೆಲಸವೇ. ಯಾರಾದರೂ ಮಾತಾಡಲು ಬಂದಾಗ ಕೀಬೋರ್ಡಿನಿಂದ ಕೈ ತೆಗೆದು ಅವರ ಮಾತು ಪೂರ್ತಿ ಕೇಳುವುದೂ ಇದಕ್ಕೇ ಸೇರುತ್ತದೆ.

ಕೆಲವು ದಿನ ತಪ್ಪಿಹೋಗುತ್ತದೆ. ಎಲ್ಲರೆದುರು ಬೈದಿದ್ದರೆ ಎಲ್ಲರೆದುರೇ 'ತಪ್ಪಾಯ್ತು' ಅನ್ನಿ. ಒಳಗೆ ಕರೆದು ಟೀ ಕುಡಿಸಿದರೆ ಸಾಲದು.

ಸಿಬ್ಬಂದಿಗೆ ಕಡ್ಡಾಯ ಮಾಡಬೇಡಿ. ಬೌದ್ಧ ಧ್ಯಾನದಿಂದ ಬಂದ ಈ ಅಭ್ಯಾಸವನ್ನು 1979ರಲ್ಲಿ ಅಮೆರಿಕದ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ತಂದರು. ಮುಂದೆ ಅದು 8 ವಾರಗಳ ಕಾರ್ಯಕ್ರಮವಾಗಿ ಬೆಳೆಯಿತು. ತಂದದ್ದು ದೀರ್ಘಕಾಲದ ನೋವಿನಿಂದ ಬಳಲುವಂಥ ರೋಗಿಗಳಿಗಾಗಿ, ಟಾರ್ಗೆಟ್ ಮುಟ್ಟಿಸುವುದಕ್ಕಲ್ಲ. ಕಣ್ಣು ಮುಚ್ಚಿ ಕೂತರೆ ಕೆಲವರಿಗೆ ಹಳೆಯ ನೋವು ಕೆದಕಿದಂತಾಗಿ ಕಳವಳ ಜಾಸ್ತಿಯಾಗುತ್ತದೆ. ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿರುವಾಗ 'ಉಸಿರು ಗಮನಿಸಿ' ಅಂದರೆ, ತಪ್ಪೆಲ್ಲ ತಮ್ಮದೇ ಅಂತ ಅವರಿಗೆ ಅನಿಸುತ್ತದೆ. ಖಾಲಿ ಹುದ್ದೆ ತುಂಬಿಸಿ ಎಂದು ರೀಜನಲ್ ಆಫೀಸಿಗೆ ಬರೆಯಿರಿ. ರಾತ್ರಿ ಹೊತ್ತು ವಾಟ್ಸಾಪ್ ಗ್ರೂಪಿನಲ್ಲಿ ಟಾರ್ಗೆಟ್ ಹಾಕುವುದು ನಿಲ್ಲಿಸಿ. ಅವರಿಗೆ ಈಗ ಬೇಕಿರುವುದು ಅದು.

ನಿದ್ದೆಯ ಬಗ್ಗೆ ನೀವು ಏನೂ ಬರೆದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟಿದ್ದರೆ, ಬೆಳಿಗ್ಗೆ ಬ್ರಾಂಚಿಗೆ ಹೊರಡುವಾಗಲೇ ಎದೆ ಭಾರ ಅನಿಸುತ್ತಿದ್ದರೆ, ಉಸಿರಿನ ಅಭ್ಯಾಸವೊಂದನ್ನೇ ನೆಚ್ಚಿಕೊಳ್ಳಬೇಡಿ. ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.