ಟ್ರ್ಯಾಕ್ಸ್ಲರ್ ಆಡುವವರು ಹೆದರಬೇಕಾದದ್ದು ಕುದುರೆಗಲ್ಲ, ಒಂಟೆಗೆ

ಚದುರಂಗದಲ್ಲಿ ಬಿಳಿಯ ಕುದುರೆ ಜಿ5ಕ್ಕೆ ಬಂದು ಎಫ್7ರ ಮೇಲೆ ಕಣ್ಣಿಟ್ಟಿರುವಾಗ ಅದನ್ನು ಕಾಯದೆ ಕಪ್ಪು ಒಂಟೆಯನ್ನು ಸಿ5ಕ್ಕೆ ಇಡುವ ಟ್ರ್ಯಾಕ್ಸ್ಲರ್ ಪ್ರತಿದಾಳಿ ಬರೀ ಹುಚ್ಚಾಟವೇ ಎಂದು ಕೇಳಿದ್ದೀರಿ. ಅರ್ಧ ಹುಚ್ಚಾಟವೇ ಹೌದು. ಉಳಿದರ್ಧದ ಆಸೆಗೆ ನಾನು ವರ್ಷಗಳಿಂದ ಅದನ್ನೇ ಆಡುತ್ತಿದ್ದೇನೆ.

ನಡೆಗಳು ಹೀಗೆ (ಬಿಳಿ, ಕಪ್ಪು ಸರದಿಯಂತೆ; ಬರೀ ಮನೆಯ ಹೆಸರಿದ್ದರೆ ಅದು ಕಾಲಾಳಿನ ನಡೆ): ಇ4, ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4, ಕುದುರೆ ಎಫ್6, ಕುದುರೆ ಜಿ5, ಒಂಟೆ ಸಿ5.

ನಮ್ಮದು ಶಿರಸಿ ಸೀಮೆಯ ತೋಟದ ಮನೆ. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿ ಬದಿಗಿಟ್ಟ ಮೇಲೆ ಜಗುಲಿಯಲ್ಲಿ ಭಾವನ ಜೊತೆ ಆಟ. ಭಾವ ಪ್ರತಿಸಲವೂ ಕುದುರೆಯಿಂದಲೇ ಎಫ್7 ಹೊಡೆಯುತ್ತಿದ್ದರು. ರಾಣಿ, ಆನೆ ಎರಡಕ್ಕೂ ಒಂದೇ ಏಟು; ಯಾರಿಗೆ ಆಸೆಯಾಗುವುದಿಲ್ಲ? ಆಗ ಕಪ್ಪು ಒಂಟೆ ಎಫ್2 ಹೊಡೆದು ಚೆಕ್ ಕೊಡುತ್ತದೆ. ರಾಜ ಅದನ್ನು ತಿಂದರೆ ಎಫ್6ರ ಕುದುರೆ ಇ4ರ ಕಾಲಾಳನ್ನು ತಿಂದು ಮತ್ತೆ ಚೆಕ್. ಗಮನಿಸಿ: ಆ ಕುದುರೆ ಎದ್ದ ಕೂಡಲೇ ಡಿ8ರಿಂದ ಎಚ್4ರವರೆಗೆ ರಾಣಿಯ ದಾರಿ ತೆರವಾಯಿತು. ಅಪಾಯದಲ್ಲಿದ್ದ ರಾಣಿಯೇ ಈಗ ದಾಳಿಗೆ ಹೊರಡುತ್ತದೆ. ರಾಜ ಒಂಟೆಯನ್ನು ಮುಟ್ಟದೆ ಎಫ್1ಕ್ಕೆ ಸರಿದರೆ ರಾಣಿ ಇ7ಕ್ಕೆ. ಬಿಳಿ ಕುದುರೆ ಎಚ್8ರ ಆನೆ ತಿನ್ನುತ್ತಿರುವಾಗ ಕಪ್ಪು ಡಿ5 ನೂಕುತ್ತದೆ.

ಈ ಪ್ರತಿದಾಳಿಗೆ ಹೆಸರು ಕೊಟ್ಟ ಕರೆಲ್ ಟ್ರ್ಯಾಕ್ಸ್ಲರ್ ಬೊಹೀಮಿಯಾದ (ಈಗಿನ ಜೆಕ್ ದೇಶದ ಭಾಗ) ಪಾದ್ರಿ. 1890ರಲ್ಲಿ ರೈನಿಶ್ ಎಂಬವರ ವಿರುದ್ಧ ಅವರು ರಾಣಿಯನ್ನೇ ಬಿಟ್ಟುಕೊಟ್ಟು, ಬಿಳಿ ರಾಜನನ್ನು ಎ5ರವರೆಗೆ ಎಳೆದಾಡಿಸಿ, ಹದಿನೇಳನೆಯ ನಡೆಯಲ್ಲಿ ಸಿ5ಕ್ಕೆ ನೂಕಿದ ಕಾಲಾಳಿನಿಂದ ಚೆಕ್‌ಮೇಟ್ ಮಾಡಿದರು. ಪಾದ್ರಿಗಳಿಗೆ ಅಷ್ಟು ನಿರ್ದಯೆ ಎಲ್ಲಿಂದ ಬಂತೋ!

ಆದರೆ ಇದನ್ನೆಲ್ಲ ಬಾಯಿಪಾಠ ಮಾಡಿ ಬೀಗುತ್ತಿದ್ದ ನನ್ನೆದುರು ಒಂದು ರಾತ್ರಿ ಭಾವ ಒಂಟೆಯಿಂದ ಎಫ್7 ಹೊಡೆದು ಚೆಕ್ ಕೊಟ್ಟರು. ಸುರಕ್ಷಿತವೆಂದು ನಾನು ರಾಜನನ್ನು ಎಫ್8ರಲ್ಲಿ ಕೂರಿಸಿದೆ. ಅದೇ ತಪ್ಪು. ರಾಜ ಅಲ್ಲಿ ಕುಳಿತರೆ ಎಚ್8ರ ಆನೆ ಮೂಲೆಯಲ್ಲೇ ಕೊಳೆಯುತ್ತದೆ. ನೋಡಲು ಎಷ್ಟೇ ವಿಕಾರವಾದರೂ ರಾಜ ಇ7ಕ್ಕೇ ಹೋಗಬೇಕು. ಬಿಳಿ ಒಂಟೆ ಬಿ3ಕ್ಕೆ ಹಿಂದೆ ಸರಿದ ಮೇಲೆ ಆನೆ ಎಫ್8ಕ್ಕೆ, ಕಾಲಾಳು ಡಿ6ಕ್ಕೆ, ರಾಣಿ ಇ8ರ ಮೂಲಕ ಜಿ6ಕ್ಕೆ. ಇಲ್ಲಿ ಬಲಿದಾನವೂ ಇಲ್ಲ, ಮಿಂಚೂ ಇಲ್ಲ. ಒಂದು ಕಾಲಾಳು ಕಡಿಮೆ, ಕ್ಯಾಸಲಿಂಗ್ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ) ಹಕ್ಕು ಹೋಗಿದೆ, ತೆರೆದ ಎಫ್ ಸಾಲೇ ಬಂಡವಾಳ. ಕಂಪ್ಯೂಟರ್ ಬಿಳಿಯ ಕಡೆಗೇ ವಾಲುತ್ತದೆ. ಆದ್ದರಿಂದ ಅಭ್ಯಾಸದ ಬಹುಪಾಲು ಸಮಯವನ್ನು ಈ ಸಪ್ಪೆ ಸ್ಥಿತಿಗೇ ಕೊಡಿ. ಬಿಳಿ ಎಫ್7 ಹೊಡೆಯದೆ ಐದನೆಯ ನಡೆಯಲ್ಲಿ ಡಿ4 ಆಡಿದರೆ ನಿಮ್ಮ ಉತ್ತರ ಡಿ5, ಅಷ್ಟೇ.

ಇಷ್ಟು ಎದೆಗಾರಿಕೆ ಬೇಡವೆನಿಸಿದರೆ ನಾಲ್ಕನೆಯ ನಡೆಯಲ್ಲೇ ಡಿ5 ಆಡಿ. ಬಿಳಿ ಕಾಲಾಳು ಅದನ್ನು ತಿಂದಾಗ ಮಾತ್ರ ಕುದುರೆಯಿಂದ ಮರಳಿ ತಿನ್ನಲು ಹೋಗಬೇಡಿ. ಸಿ6ರ ಕುದುರೆಯನ್ನು ಎ5ಕ್ಕೆ ಸರಿಸಿ.